ಹಗ್ಗ ಎಳೆದವರ ದಾರಿ

ರೋಮಾ ರೋಲಾ ಎಂಬ ಹೆಸರು ಕನ್ನಡದ ಓದುಗರಿಗೆ ಹೊಸದಲ್ಲ. 1924ರಲ್ಲಿ ಮಹಾತ್ಮ ಗಾಂಧಿಯವರನ್ನು ಕುರಿತೂ, ಅನಂತರದ ಐದಾರು ವರ್ಷಗಳಲ್ಲಿ ಶ್ರೀರಾಮಕೃಷ್ಣ ಪರಮಹಂಸರನ್ನೂ ಸ್ವಾಮಿ ವಿವೇಕಾನಂದರನ್ನೂ ಕುರಿತೂ ಗ್ರಂಥಗಳನ್ನು ರಚಿಸಿ, ಭಾರತದ ಆತ್ಮವನ್ನು ಯುರೋಪಿಗೆ ಪರಿಚಯಿಸಿದ ಮಹನೀಯ ಆತ. ಆದರೆ ಆತ ಹುಟ್ಟಿದ ಊರು ಯಾವುದು, ಆ ಊರಿನ ಜನ ಯಾವ ಕಸುಬಿನಿಂದ ಬದುಕಿದರು ಎಂದು ಕೇಳಿದರೆ, ಆತನನ್ನು ಅಕ್ಕರೆಯಿಂದ ಓದಿದವರು ಕೂಡ ಕ್ಷಣಕಾಲ ಯೋಚಿಸಬೇಕಾಗುತ್ತದೆ. ಊರಿನ ಹೆಸರು ಕ್ಲಾಮ್ಸಿ. ಫ್ರಾನ್ಸಿನ ನಡುಭಾಗದಲ್ಲಿ, ಬರ್ಗಂಡಿ ಸೀಮೆಯಲ್ಲಿ, ಯೊನ್ ಎಂಬ ನದಿಯ ದಂಡೆಯ ಮೇಲಿದೆ. 1866ರ ಜನವರಿಯಲ್ಲಿ ಆತ ಅಲ್ಲಿ ಜನಿಸಿದ. ಇಂದು ಆ ಊರಿನ ವಸ್ತುಸಂಗ್ರಹಾಲಯಕ್ಕೆ ಆತನದೇ ಹೆಸರಿದೆ.

ಮೂರು ದಶಕಗಳ ಕಾಲ ತರಗತಿಗಳಲ್ಲಿ ಆ ಹೆಸರನ್ನು ಉಚ್ಚರಿಸುತ್ತ ಬಂದ ನನಗೆ, ನಿವೃತ್ತಿಯ ಬಳಿಕ ಆ ದೇಶದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಕಳೆಯುವ ಅವಕಾಶ ಒದಗಿತು. ಕ್ಲಾಮ್ಸಿಯನ್ನು ನೋಡಬೇಕೆಂದೆ. ಮಗಳು ಎರಡು ಸೈಕಲ್ಲುಗಳನ್ನು ಬಾಡಿಗೆಗೆ ತಂದಳು. ಅರವತ್ತು ದಾಟಿದವನು, ಮೊಣಕಾಲು ಅಷ್ಟಕ್ಕಷ್ಟೇ, ಎಂದು ನಾನು ಅನುಮಾನಿಸಿದಾಗ, ‘ಅಪ್ಪಾ, ಆ ದಾರಿಯಲ್ಲಿ ಏರೂ ಇಲ್ಲ, ಮೋಟಾರೂ ಇಲ್ಲ’ ಎಂದಳು. ಅವಳ ಮಾತು ಬಹುಮಟ್ಟಿಗೆ ನಿಜವಾಯಿತು. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಪ್ರವಾಸದ ಕಥೆಯನ್ನಲ್ಲ. ಏರಿಲ್ಲದ, ಮೋಟಾರಿಲ್ಲದ, ಹಕ್ಕಿಯ ದನಿ ಕಿವಿಗೆ ಬೀಳುವ ಅಂಥದೊಂದು ದಾರಿ ಇಪ್ಪತ್ತೊಂದನೆಯ ಶತಮಾನದ ಯುರೋಪಿನಲ್ಲಿ ಉಳಿದದ್ದಾದರೂ ಹೇಗೆ ಎಂಬ ಪ್ರಶ್ನೆಯನ್ನು. ಆ ಮೌನ ಪ್ರಕೃತಿಯ ದಾನವಲ್ಲ, ಅದಕ್ಕೊಂದು ಚರಿತ್ರೆಯಿದೆ.

ಆ ಚರಿತ್ರೆ ಸೌದೆಯಿಂದ ಮೊದಲಾಗುತ್ತದೆ. ಹದಿನಾರನೆಯ ಶತಮಾನದ ನಡುವೆ ಪ್ಯಾರಿಸ್ ನಗರ ಬೆಳೆದಂತೆ ಸುತ್ತಲಿನ ಕಾಡುಗಳು ಕರಗಿದವು. ಒಲೆಗೆ, ಚಳಿಗಾಲದ ಅಗ್ಗಿಷ್ಟಿಕೆಗೆ ಸೌದೆ ದೂರದಿಂದ ಬರಬೇಕಾಯಿತು. ಕ್ಲಾಮ್ಸಿಯ ಆಗ್ನೇಯಕ್ಕೆ ಮೊರ್ವಾನ್ ಎಂಬ ಬೆಟ್ಟಸೀಮೆಯಿದೆ. ಅಲ್ಲಿ ದಟ್ಟವಾದ ಕಾಡು. ಅಲ್ಲಿಂದ ಹರಿದುಬರುವ ಯೊನ್ ನದಿ ಮುಂದೆ ಸೇನ್ ನದಿಯನ್ನು ಕೂಡಿ ಪ್ಯಾರಿಸ್ಸಿಗೆ ಹೋಗುತ್ತದೆ. ಹಾಗಿರುವಾಗ ಸೌದೆಯನ್ನು ನೀರೇ ಹೊತ್ತೊಯ್ಯಲಿ ಎಂಬ ಯುಕ್ತಿ ವರ್ತಕರಿಗೆ ಹೊಳೆಯಿತು. 1549ರ ಸುಮಾರಿಗೆ ಜಾನ್ ರೂವೆ ಎಂಬ ವರ್ತಕ ಈ ಕಸುಬನ್ನು ನೆಲೆಗೊಳಿಸಿದನೆಂದು ಪರಂಪರೆ ಹೇಳುತ್ತದೆ.

ಕ್ರಮ ಹೀಗೆ. ಕಡಿದ ಕೊರಡುಗಳ ತುದಿಗೆ ಪ್ರತಿಯೊಬ್ಬ ವರ್ತಕನೂ ಸುತ್ತಿಗೆಯಿಂದ ತನ್ನ ಗುರುತನ್ನು ಒತ್ತುತ್ತಿದ್ದ. ಬೆಟ್ಟದ ತೊರೆಗಳಲ್ಲಿ ಕೆರೆಗಳನ್ನು ಕಟ್ಟಿ ನೀರು ನಿಲ್ಲಿಸಿ, ನಿಶ್ಚಿತ ದಿನ ತೂಬು ತೆಗೆದಾಗ ಆ ಪ್ರವಾಹದಲ್ಲಿ ಕೊರಡುಗಳು ಬಿಡಿಬಿಡಿಯಾಗಿ ತೇಲಿಬರುತ್ತಿದ್ದವು. ಕ್ಲಾಮ್ಸಿಯಲ್ಲಿ ಅವನ್ನು ದಡಕ್ಕೆಳೆದು, ಗುರುತು ನೋಡಿ ವಿಂಗಡಿಸಿ, ಉದ್ದನೆಯ ತೆಪ್ಪಗಳಾಗಿ ಕಟ್ಟುತ್ತಿದ್ದರು. ತೆಪ್ಪವನ್ನು ನಡೆಸಿಕೊಂಡು ಪ್ಯಾರಿಸ್ ಸೇರಿದ ಮೇಲೆ ತೆಪ್ಪವೇ ಸರಕು. ಅದನ್ನು ಬಿಚ್ಚಿ ಮಾರುತ್ತಿದ್ದರು. ತೆಪ್ಪದವನು ಬರಿಗೈಯಲ್ಲಿ, ಇನ್ನೂರು ಕಿಲೋಮೀಟರಿಗೂ ಮೀರಿದ ಹಾದಿಯನ್ನು ನಡೆದು ಊರಿಗೆ ಮರಳುತ್ತಿದ್ದ. ಇಂದು ವಿಹಾರಕ್ಕಾಗಿ ಜನ ಸೈಕಲ್ ತುಳಿಯುವ ಸೀಮೆಯಲ್ಲಿ ಮೊದಲು ದೂರ ನಡೆದವರು ಇವರು. ಈ ಜನರ ಗಟ್ಟಿತನ, ಒರಟು ಹಾಸ್ಯ, ಸೋಲಿಗೆ ಬಗ್ಗದ ಗೆಲವು ಇವೆಲ್ಲ ಆ ಊರ ಗಾಳಿಯಲ್ಲಿದ್ದವು. ರೋಲಾ 1919ರಲ್ಲಿ ಪ್ರಕಟಿಸಿದ ‘ಕೊಲಾ ಬ್ರೆನ್ಯೋನ್’ ಎಂಬ ಕಾದಂಬರಿಯ ನಾಯಕ ಹದಿನೇಳನೆಯ ಶತಮಾನದ ಕ್ಲಾಮ್ಸಿಯ ಒಬ್ಬ ಬಡಗಿ. ‘ಜಾನ್ ಕ್ರಿಸ್ತೋಫ್’ ಓದಿ ರೋಲಾನನ್ನು ಬರಿಯ ಆದರ್ಶವಾದಿಯೆಂದು ಎಣಿಸಿದವರು ಈ ಬಡಗಿಯ ನಗೆಯನ್ನು ಕೇಳಬೇಕು. ಅದು ಮರದ ವಾಸನೆಯಿರುವ ನಗೆ.

ನದಿ ಮಾತ್ರ ಸಾಲದೆ ಹೋದಾಗ, 1784ರಲ್ಲಿ ಕಾಲುವೆಯ ಕೆಲಸ ಆರಂಭವಾಯಿತು. ಇದೇ ನಿವೆರ್ನೆ ಕಾಲುವೆ. ಮೊದಲ ಉದ್ದೇಶ ಪ್ಯಾರಿಸ್ಸಿಗೆ ಇನ್ನಷ್ಟು ಸೌದೆ ಸಾಗಿಸುವುದು. ಮುಂದೆ ಅದು ದೋಣಿಗಳ ಕಾಲುವೆಯಾಗಿ ವಿಸ್ತಾರಗೊಂಡಿತು. ನಡುವೆ ಮಹಾಕ್ರಾಂತಿ ಬಂತು, ಯುದ್ಧಗಳು ಬಂದವು, ಹಣ ಬತ್ತಿತು. ಲ್ವಾರ್ ನದಿಯ ಮೇಲಿನ ದೆಸೀಜ್ ಪಟ್ಟಣದ ಬಳಿಯಿಂದ ಯೊನ್ ನದಿಯ ಮೇಲಿನ ಓಸೆರ್ ಪಟ್ಟಣದವರೆಗೆ 174 ಕಿಲೋಮೀಟರಿನ ಈ ನೀರಿನ ಹಾದಿ ಪೂರ್ಣಗೊಂಡದ್ದು 1840ರ ದಶಕದಲ್ಲಿ. ಎರಡು ನದೀಕಣಿವೆಗಳ ನಡುವಿನ ದಿಣ್ಣೆಯಲ್ಲಿ, ಲಾ ಕೊಲಾನ್ಸೆಲ್ ಎಂಬ ಹಳ್ಳಿಯ ಕೆಳಗೆ, ಮೂರು ಸುರಂಗಗಳನ್ನು ಕೊರೆದರು. ಅವುಗಳಲ್ಲಿ ಉದ್ದನೆಯದು 758 ಮೀಟರ್. ಅಲ್ಲಿಂದ ಇಳಿಯುವ ಕಡೆ, ಸಾರ್ದಿಯ ಬಳಿ, ಹದಿನಾರು ಲಾಕ್‌ಗಳು ದೇವಸ್ಥಾನದ ಮೆಟ್ಟಿಲಿನಂತೆ ಒಂದರ ಕೆಳಗೊಂದು ಇಳಿಯುತ್ತವೆ.

ಲಾಕ್ ಎಂದರೇನೆಂದು ಹೇಳಬೇಕು. ಎರಡು ತುದಿಗೂ ಬಾಗಿಲುಗಳುಳ್ಳ ಒಂದು ಕಲ್ಲಿನ ತೊಟ್ಟಿ ಅದು. ಕೆಳಗಿನಿಂದ ಬಂದ ದೋಣಿ ಒಳಗೆ ಸೇರಿದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಮೇಲಿನ ತೂಬಿನಿಂದ ನೀರು ಬಿಟ್ಟಾಗ ತೊಟ್ಟಿ ತುಂಬಿ ದೋಣಿ ತಾನಾಗಿ ಮೇಲೇಳುತ್ತದೆ. ಮುಂದಿನ ಬಾಗಿಲು ತೆರೆದರೆ ಮೇಲಿನ ಮಟ್ಟದಲ್ಲಿ ಯಾನ ಮುಂದುವರಿಯುತ್ತದೆ. ಆದ್ದರಿಂದ ಕಾಲುವೆಯ ನೀರು ಎಲ್ಲಿಯೂ ಇಳಿಜಾರಾಗಿ ಹರಿಯುವುದಿಲ್ಲ. ಲಾಕಿನಿಂದ ಲಾಕಿಗೆ ಕನ್ನಡಿಯಂತೆ ಸಮತಲವಾಗಿ ನಿಲ್ಲುತ್ತದೆ. ಬೆಟ್ಟ ಎದುರಾದರೆ ಕಾಲುವೆ ಅದನ್ನು ಏರುವುದಿಲ್ಲ, ಬಳಸಿ ಹೋಗುತ್ತದೆ. ಅದರ ಪಕ್ಕದ ದಾರಿಯೂ ಹಾಗೆಯೇ ಹೋಗಬೇಕಷ್ಟೆ.

ಆ ದಾರಿ ಇದ್ದದ್ದು ದೋಣಿಯನ್ನು ಎಳೆಯುವುದಕ್ಕೆ. ಗಾಡಿಗೆ ಕಟ್ಟಿದರೆ ಒಂದೆರಡು ಟನ್ ಎಳೆಯಬಲ್ಲ ಕುದುರೆ, ನಿಂತ ನೀರಿನ ಮೇಲೆ ಹತ್ತಾರು ಟನ್ನಿನ ದೋಣಿಯನ್ನು ಎಳೆದೀತು. ಅನುಕೂಲಸ್ಥ ಅಂಬಿಗ ಕುದುರೆ ಕಟ್ಟುತ್ತಿದ್ದ, ಅಷ್ಟಿಲ್ಲದವನು ಕತ್ತೆ, ಅದೂ ಇಲ್ಲದವನು ಎದೆಗೆ ಅಗಲವಾದ ಪಟ್ಟಿ ಬಿಗಿದು ತಾನೇ ಎಳೆಯುತ್ತಿದ್ದ. ಅವನ ಹೆಂಡತಿ ಎಳೆಯುತ್ತಿದ್ದಳು, ಮಕ್ಕಳೂ ಎಳೆಯುತ್ತಿದ್ದರು. ಹಳೆಯ ಸೇತುವೆಗಳ ಮೂಲೆಗಲ್ಲುಗಳನ್ನು ನೋಡಿದರೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕಚ್ಚುಗಳು ಕಾಣುತ್ತವೆ. ನಮ್ಮ ಹಳೆಯ ಬಾವಿಗಳ ಕಟ್ಟೆಯಲ್ಲಿ ಸೇದುವ ಹಗ್ಗ ಮಾಡಿದ ಗೆರೆಗಳಂತೆಯೇ ಅವು. ಕಲ್ಲಿನಲ್ಲಿ ಬೆರಳಿಟ್ಟರೆ ಬೆರಳು ಕೂರುವಷ್ಟು ಆಳ. ಶಾಸನಗಳನ್ನು ಓದಿ ಅಭ್ಯಾಸವಾದ ನನಗೆ ಅದು ಅಕ್ಷರವಿಲ್ಲದ ಶಾಸನದಂತೆ ಕಂಡಿತು.

ಅಕ್ಷರವಿರುವ ಶಾಸನವೂ ಒಂದುಂಟು. ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೇರ್, 1669ರಲ್ಲಿ ಅರಣ್ಯ ಮತ್ತು ಜಲಗಳನ್ನು ಕುರಿತು ಒಂದು ಮಹಾಶಾಸನವನ್ನು ಹೊರಡಿಸಿದ. ದೋಣಿ ನಡೆಯುವ ನದಿಗಳ ದಂಡೆಯಲ್ಲಿ ಜಮೀನಿರುವವರು, ಹಗ್ಗ ಎಳೆಯುವ ಕುದುರೆಗಳಿಗಾಗಿ ಇಪ್ಪತ್ತನಾಲ್ಕು ಅಡಿ ಅಗಲದ ಜಾಗವನ್ನು ತೆರವಾಗಿ ಬಿಡತಕ್ಕದ್ದು. ಎದುರು ದಂಡೆಯಲ್ಲಿ ಹತ್ತು ಅಡಿ ಬಿಡತಕ್ಕದ್ದು. ಅಲ್ಲಿ ಮರ ನೆಡಕೂಡದು, ಬೇಲಿ ಹಾಕಕೂಡದು. ಅಂದಿನ ರಾಜಮಾನದ ಅಡಿ ಇಂದಿನ ಲೆಕ್ಕದಲ್ಲಿ ಸುಮಾರು ಮೂವತ್ತೆರಡೂವರೆ ಸೆಂಟಿಮೀಟರ್. ಇಂದಿನ ಫ್ರೆಂಚ್ ಕಾನೂನಿನಲ್ಲಿ ದಂಡೆಯ ದಾರಿಗೆ ಬಿಡಬೇಕಾದ ಅಗಲ 7.80 ಮೀಟರ್ ಮತ್ತು 3.25 ಮೀಟರ್ ಎಂದಿದೆ. ಗುಣಿಸಿ ನೋಡಿದರೆ ತಿಳಿಯುತ್ತದೆ: ಅವೇ ಇಪ್ಪತ್ತನಾಲ್ಕು ಅಡಿ, ಅವೇ ಹತ್ತು ಅಡಿ. ರಾಜ ಹೋದ, ಗಣರಾಜ್ಯಗಳು ಐದು ಬಂದವು, ಅಳತೆಗೋಲೇ ಬದಲಾಯಿತು. ಕುದುರೆಗೆಂದು ಬಿಡಿಸಿದ ಜಾಗ ಮಾತ್ರ ಕಾಗದದ ಮೇಲೆ ಹಾಗೆಯೇ ಉಳಿಯಿತು.

ಇನ್ನು ಸೈಕಲ್ಲಿನ ಮಾತು. 1860ರ ದಶಕದಲ್ಲಿ ಪ್ಯಾರಿಸ್ಸಿನ ಮಿಶೋ ಎಂಬ ಕಮ್ಮಾರನ ಕಾರ್ಖಾನೆಯಿಂದ ಮುಂದಿನ ಗಾಲಿಗೆ ಪೆಡಲು ಜೋಡಿಸಿದ ವಾಹನಗಳು ಹೊರಬಂದವು. ಎರಡು ಗಾಲಿ ಸಮನಾಗಿ, ಸರಪಣಿಯಿಂದ ಹಿಂದಿನ ಗಾಲಿ ತಿರುಗುವ ಸೈಕಲ್ಲು 1885ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಗೊಂಡಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ. 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸೋದರರು ಕಳಚಿ ಜೋಡಿಸಬಹುದಾದ ಟೈರನ್ನು ಮಾಡಿದರು. ಅದರ ಹಿಂದಿನ ವರ್ಷ, 1890ರಲ್ಲಿ, ಫ್ರಾನ್ಸಿನ ಟೂರಿಂಗ್ ಕ್ಲಬ್ ಸ್ಥಾಪನೆಯಾಗಿತ್ತು. ಸೈಕಲ್ ಸವಾರರೇ ಕಟ್ಟಿದ ಆ ಸಂಸ್ಥೆ ಊರೂರಿನ ಕೂಡುರಸ್ತೆಗಳಲ್ಲಿ ಕೈಮರಗಳನ್ನು ನೆಡಿಸಿತು, ಹಳ್ಳಿಯ ಹೋಟೆಲುಗಳ ಶುಚಿತ್ವವನ್ನು ಸುಧಾರಿಸಿತು. ಸರ್ಕಾರವೂ ಸುಮ್ಮನಿರಲಿಲ್ಲ, 1893ರಲ್ಲಿ ಸೈಕಲ್ಲಿನ ಮೇಲೆ ತೆರಿಗೆ ಹಾಕಿತು. ಆ ತೆರಿಗೆಯ ದಫ್ತರಗಳ ದಯೆಯಿಂದ ನಮಗೆ ಲೆಕ್ಕ ಸಿಗುತ್ತದೆ: 1900ರ ವೇಳೆಗೆ ದೇಶದಲ್ಲಿ ಹತ್ತು ಲಕ್ಷದಷ್ಟು ಸೈಕಲ್ಲುಗಳಿದ್ದವು, 1914ರ ಹೊತ್ತಿಗೆ ಸುಮಾರು ಮೂವತ್ತೈದು ಲಕ್ಷ.

ಸಾಹಿತ್ಯ ಇದನ್ನು ಕಾಣದೆ ಹೋಗಲಿಲ್ಲ. ಎಮಿಲ್ ಜೋಲಾ ಸ್ವತಃ ಸೈಕಲ್ ಸವಾರ. 1898ರಲ್ಲಿ ಬಂದ ಆತನ ‘ಪ್ಯಾರಿಸ್’ ಕಾದಂಬರಿಯಲ್ಲಿ ಮರೀ ಎಂಬ ತರುಣಿ, ಮಠದ ಕತ್ತಲೆಯಿಂದ ಹೊರಬಂದ ಪಿಯೇರನನ್ನು ಸೈಕಲ್ಲಿನ ಮೇಲೆ ಕಾಡಿನ ಹಾದಿಗೆ ಕರೆದೊಯ್ಯುತ್ತಾಳೆ. ಹೆಣ್ಣು ತನ್ನ ಬಾಳನ್ನು ತಾನೇ ನಡೆಸಿಕೊಳ್ಳಲು ಕಲಿಯುವ ಪಾಠ ಸೈಕಲ್ಲಿನಲ್ಲಿದೆ ಎಂಬುದು ಅವಳ ನಿಲುವು. ಅದೇ ವರ್ಷ ಮೋರಿಸ್ ಲೆಬ್ಲಾನ್ ಬರೆದ ಒಂದು ಕಾದಂಬರಿಯಲ್ಲಿ ಎರಡು ದಂಪತಿಗಳು ನಾರ್ಮಂಡಿ ಮತ್ತು ಬ್ರಿಟನಿ ಸೀಮೆಗಳಲ್ಲಿ ಸೈಕಲ್ ಯಾತ್ರೆ ಹೊರಡುತ್ತಾರೆ; ದಾರಿ ಸಾಗಿದಂತೆ ಸಮಾಜದ ಕಟ್ಟುಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ. ಮುಂದೆ ಆರ್ಸೆನ್ ಲುಪ್ಯಾನ್ ಎಂಬ ಸೊಗಸುಗಾರ ಕಳ್ಳನನ್ನು ಸೃಷ್ಟಿಸಿ ಜಗತ್ಪ್ರಸಿದ್ಧನಾದವನು ಈತನೇ.

ಇದು ಕೇವಲ ಕಾದಂಬರಿಕಾರರ ಕಲ್ಪನೆಯಲ್ಲ. ಪ್ಯಾರಿಸ್ಸಿನ ಹೆಂಗಸರು ಅನುಮತಿಯಿಲ್ಲದೆ ಗಂಡಸರ ಉಡುಪು ಧರಿಸಕೂಡದೆಂದು 1800ರಲ್ಲಿ ಪೊಲೀಸ್ ಆಜ್ಞೆಯೊಂದು ಹೊರಟಿತ್ತು. 1892ರಲ್ಲಿ ಮತ್ತು 1909ರಲ್ಲಿ ಅದನ್ನು ಸಡಿಲಿಸಿದರು: ಕೈಯಲ್ಲಿ ಕುದುರೆಯ ಲಗಾಮೋ ಸೈಕಲ್ಲಿನ ಹ್ಯಾಂಡಲ್ಲೋ ಇದ್ದರೆ ಷರಾಯಿ ತೊಡಬಹುದು! ಆ ಆಜ್ಞೆಗೆ ಬಲವಿಲ್ಲವೆಂದು ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ. ನೂರಾರು ವರ್ಷಗಳ ಕಟ್ಟಳೆಯಲ್ಲಿ ಮೊದಲ ಬಿರುಕು ಬಿಟ್ಟವುಗಳಲ್ಲಿ ಒಂದು, ಸೈಕಲ್ಲಿನ ಹ್ಯಾಂಡಲ್ಲು.

ಈ ಯಾತ್ರೆಗೆ ಒಂದು ದರ್ಶನವನ್ನು ಕೊಟ್ಟವನು ಪೋಲ್ ದ ವಿವಿ. 1853ರಲ್ಲಿ ಹುಟ್ಟಿದ ಈತ ಸೇಂತ್ ಎತಿಯೆನ್ ಎಂಬ ಕೈಗಾರಿಕಾ ನಗರದಲ್ಲಿ ರೇಷ್ಮೆಯ ವ್ಯಾಪಾರಿ. ವ್ಯಾಪಾರವನ್ನು ಬಿಟ್ಟು ಸೈಕಲ್ಲಿಗೆ ಬಾಳನ್ನು ಮುಡಿಪಿಟ್ಟ. 1887ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿ ‘ವೆಲೋಸಿಯೋ’ ಎಂಬ ಕಾವ್ಯನಾಮದಿಂದ ಬರೆದ. ಸಸ್ಯಾಹಾರಿ, ಮಿತಭೋಗಿ. ಬೆಟ್ಟದೂರಿನವನಾದುದರಿಂದ ಏರಿಗೊಂದು, ಸಮತಲಕ್ಕೊಂದು ಎಂದು ಗೇರುಗಳನ್ನು ಬದಲಾಯಿಸುವ ಏರ್ಪಾಟು ಸೈಕಲ್ಲಿಗೆ ಬೇಕೆಂದು ಹಟ ಹಿಡಿದ. ಪಂದ್ಯಗಳ ದೊರೆಯಾಗಿದ್ದ ಆನ್ರಿ ದೆಗ್ರಾಂಜ್ ಇದನ್ನು ಒಪ್ಪಲಿಲ್ಲ. ಗೇರು ವಯಸ್ಸಾದವರ ಊರುಗೋಲೆಂಬುದು ಆತನ ಮತ. ಆತ ಸ್ಥಾಪಿಸಿದ ‘ತೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಇಂಥ ಗೇರಿಗೆ ಎಲ್ಲರಿಗೂ ಅನುಮತಿ ದೊರೆತದ್ದು 1937ರಲ್ಲಿ. ಇಬ್ಬರ ಜಗಳ ಮೇಲ್ನೋಟಕ್ಕೆ ಹಲ್ಲುಚಕ್ರದ್ದು, ಆಳದಲ್ಲಿ ಬೇರೆಯದೇ. ಸೈಕಲ್ಲು ಬಲಶಾಲಿಯ ಬಲವನ್ನು ಮೆರೆಸುವುದಕ್ಕೋ, ಸಾಮಾನ್ಯನ ಬಲವನ್ನು ದೂರಕ್ಕೆ ಒಯ್ಯುವುದಕ್ಕೋ? ವೆಲೋಸಿಯೋ ಎರಡನೆಯ ಪಕ್ಷ. ಇಂದು ಮೊಣಕಾಲು ನೋವಿನ ನನ್ನಂಥವನೂ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಹೋಗಬಲ್ಲೆನಾದರೆ ಅದು ಆತನ ಪಕ್ಷ ಗೆದ್ದುದರ ಫಲ.

ಗಮನಿಸಬೇಕಾದುದು ಇದು: ಈ ಮಹನೀಯರಾರಿಗೂ ಮೋಟಾರಿಲ್ಲದ ದಾರಿ ಎಂಬ ಬೇರೆ ದಾರಿ ಬೇಕಿರಲಿಲ್ಲ. ಆಗ ದೇಶದ ಹೆಚ್ಚಿನ ರಸ್ತೆಗಳೆಲ್ಲ ಹಾಗೆಯೇ ಇದ್ದವು. ಆದರೆ ಕಾಲ ಬದಲಾಗುತ್ತಿತ್ತು. ಬೆಟ್ಟಗಳಲ್ಲಿ ಸಾವಿರಾರು ಮೈಲಿ ಸುರಕ್ಷಿತವಾಗಿ ಅಲೆದ ವೆಲೋಸಿಯೋ, 1930ರಲ್ಲಿ ತನ್ನದೇ ಊರಿನ ಬೀದಿಯಲ್ಲಿ ಟ್ರಾಮಿಗೆ ಸಿಕ್ಕಿ ಮಡಿದ.

ಅವನ ಕನಸು ಜನಸಾಮಾನ್ಯರನ್ನು ತಲುಪಿದ್ದು 1936ರಲ್ಲಿ. ಆ ಬೇಸಿಗೆ ಅಧಿಕಾರಕ್ಕೆ ಬಂದ ಜನತಾರಂಗದ ಸರ್ಕಾರ, ಜೂನ್ 20ರ ಕಾನೂನಿನಿಂದ ಎಲ್ಲ ಕೂಲಿಕಾರರಿಗೂ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಿತು. ಕ್ರೀಡೆ ಮತ್ತು ವಿರಾಮಗಳ ಹೊಣೆ ಹೊತ್ತ ಲಿಯೋ ಲಗ್ರಾಂಜ್ ಎಂಬ ಯುವಕ ರೈಲಿನಲ್ಲಿ ನೂರಕ್ಕೆ ನಲವತ್ತರ ರಿಯಾಯಿತಿ ಕೊಡಿಸಿದ. ಅದನ್ನೂ ಭರಿಸಲಾಗದವರು ಸೈಕಲ್ ಹತ್ತಿದರು. ಗಂಡ ಹೆಂಡತಿ ಜೋಡಿಯಾಗಿ ತುಳಿಯುವ ಟ್ಯಾಂಡಮ್ ಸೈಕಲ್ಲು, ಹಿಂದೆ ಕ್ಯಾರಿಯರಿನಲ್ಲಿ ಗುಡಾರ: ಆ ಬೇಸಿಗೆಯ ಛಾಯಾಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯವಿದು. ಕಾರ್ಖಾನೆಯಲ್ಲಿ ಹುಟ್ಟಿ ಬೆಳೆದವರು ಅನೇಕರು ಆ ವರ್ಷ ಮೊದಲ ಬಾರಿಗೆ ಸಮುದ್ರವನ್ನು ಕಂಡರು. ಲಗ್ರಾಂಜ್ 1940ರ ಜೂನಿನಲ್ಲಿ ರಣರಂಗದಲ್ಲಿ ಮಡಿದ. ವಯಸ್ಸು ನಲವತ್ತೂ ಆಗಿರಲಿಲ್ಲ.

ಯುದ್ಧಕಾಲದಲ್ಲಿ ಜರ್ಮನರ ಆಕ್ರಮಣದಿಂದ ಪೆಟ್ರೋಲು ಮಾಯವಾಗಿ ರಸ್ತೆಗಳು ಮತ್ತೆ ನಿಶ್ಶಬ್ದವಾದವು. ಆದರೆ ಅದು ಹೆದರಿಕೆಯ ನಿಶ್ಶಬ್ದ. 1941ರ ಬೇಸಿಗೆಯಲ್ಲಿ ಸಿಮೋನ್ ದ ಬೋವಾರ್ ಮತ್ತು ಸಾರ್ತ್ರ್ ಗಡಿಗೆರೆಯನ್ನು ಗುಟ್ಟಾಗಿ ದಾಟಿ, ದಕ್ಷಿಣದ ಸೀಮೆಯಲ್ಲಿ ಸೈಕಲ್ಲಿನ ಮೇಲೆ ಸುತ್ತಾಡಿ, ಪ್ರತಿರೋಧಕ್ಕೆ ಬೆಂಬಲ ಕೇಳಲು ಆಂದ್ರೆ ಜೀದ್ ಮತ್ತು ಮಾಲ್ರೋ ಮೊದಲಾದ ಲೇಖಕರನ್ನು ಕಂಡರು. ಮೋಟಾರಿಲ್ಲದ ದಾರಿ ಎಲ್ಲ ಕಾಲದಲ್ಲೂ ಸುಖದ ದಾರಿಯಲ್ಲ ಎಂಬುದಕ್ಕೆ ಈ ನಿದರ್ಶನ ಸಾಕು.

ಯುದ್ಧಾನಂತರ ಮೋಟಾರು ಎಲ್ಲವನ್ನೂ ಗೆದ್ದಿತು. ಸೈಕಲ್ಲು ಬಡವನ ಗುರುತಾಯಿತು, ಆಮೇಲೆ ಮಕ್ಕಳ ಆಟಿಕೆಯಾಯಿತು. ಕಾಲುವೆಗಳೂ ಸೊರಗಿದವು. 1879ರಲ್ಲಿ ಸಚಿವ ಫ್ರೇಸಿನೆ, ದೇಶದ ಮುಖ್ಯ ಕಾಲುವೆಗಳ ಲಾಕ್‌ಗಳೆಲ್ಲ ಮೂವತ್ತೆಂಟೂವರೆ ಮೀಟರ್ ಉದ್ದದ ಒಂದೇ ಅಳತೆಗೆ ಬರಬೇಕೆಂದು ವಿಧಿಸಿದ್ದ. ನಿವೆರ್ನೆ ಕಾಲುವೆಯ ನಡುವಿನ ಭಾಗ ಆ ಅಳತೆಗೆ ಏರಲಿಲ್ಲ, ಸಣ್ಣದಾಗಿಯೇ ಉಳಿಯಿತು. ಕಲ್ಲಿದ್ದಲು ಬಂದು ಸೌದೆಗೆ ಬೆಲೆ ಹೋಯಿತು. 1920ರ ದಶಕದಲ್ಲಿ ಕೊನೆಯ ಕೊರಡುಗಳು ತೇಲಿದವು. ದೊಡ್ಡ ದೋಣಿಗೆ ದಾರಿಯಿಲ್ಲ, ಸಣ್ಣ ದೋಣಿಗೆ ಲಾಭವಿಲ್ಲ. ಮುಚ್ಚಿಹೋಗಬೇಕಾಗಿದ್ದ ಆ ಭಾಗವನ್ನು 1972ರಲ್ಲಿ ಜಿಲ್ಲೆಯ ಚುನಾಯಿತ ಮಂಡಲಿ ವಿಹಾರದೋಣಿಗಳಿಗಾಗಿ ತನ್ನ ಸುಪರ್ದಿಗೆ ತೆಗೆದುಕೊಂಡಿತು. ಹಿಂದುಳಿದುದರಿಂದಲೇ ಅದರ ಹಳೆಯ ಚೆಲುವು ಉಳಿಯಿತು ಎನ್ನಬೇಕು. ಪಕ್ಕದ ಹಗ್ಗದ ದಾರಿ ಹುಲ್ಲು ಬೆಳೆದು ಮಲಗಿತ್ತು. ಅಲ್ಲಿ ಸೈಕಲ್ ಸವಾರಿಗೆ, 1932ರ ನಿಯಮದ ಪ್ರಕಾರ, ಲಿಖಿತ ಅನುಮತಿ ಬೇಕಾಗಿತ್ತು!

ರೈಲಿನದೂ ಇದೇ ಕಥೆ. ಅದೇ ಫ್ರೇಸಿನೆ, ಅದೇ 1879ರಲ್ಲಿ, ಸಣ್ಣಪುಟ್ಟ ಪಟ್ಟಣಗಳನ್ನೂ ಮುಟ್ಟುವ ಸಾವಿರಾರು ಕಿಲೋಮೀಟರ್ ರೈಲುಹಾದಿಗೆ ಯೋಜನೆ ಹಾಕಿದ್ದ. ಗಣರಾಜ್ಯ ಹಳ್ಳಿಯ ಬಾಗಿಲಿಗೆ ಬರಬೇಕೆಂಬುದು ಆತನ ಆಶಯ. ಇಪ್ಪತ್ತನೆಯ ಶತಮಾನದಲ್ಲಿ ಬಸ್ಸು ಕಾರುಗಳ ಮುಂದೆ ಅಂಥ ಕವಲುಹಾದಿಗಳು ಒಂದೊಂದಾಗಿ ಮುಚ್ಚಿದವು. ಹಳಿ ಕಿತ್ತರು, ನಿಲ್ದಾಣಗಳನ್ನು ಮಾರಿದರು. 1997ರಲ್ಲಿ ಬರ್ಗಂಡಿಯಲ್ಲಿ, ಜಿವ್ರಿ ಎಂಬ ಊರಿನಿಂದ ಹತ್ತನೆಯ ಶತಮಾನದ ಪ್ರಸಿದ್ಧ ಮಠವಿರುವ ಕ್ಲೂನಿಯವರೆಗೆ, ಹಳಿ ತೆಗೆದ ಹಾದಿಯ ಮೇಲೆ ನಲವತ್ತನಾಲ್ಕು ಕಿಲೋಮೀಟರಿನ ‘ಹಸಿರು ದಾರಿ’ಯನ್ನು ತೆರೆದರು. ಫ್ರಾನ್ಸಿನಲ್ಲಿ ಈ ಬಗೆಯದು ಇದೇ ಮೊದಲು. 2004ರ ಸೆಪ್ಟೆಂಬರಿನಲ್ಲಿ ‘ಹಸಿರು ದಾರಿ’ ಎಂಬ ಪದವೇ ರಸ್ತೆಯ ಕಾನೂನಿನಲ್ಲಿ ಸೇರಿತು: ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ ಮೀಸಲಾದ, ಮೋಟಾರಿಗೆ ಪ್ರವೇಶವಿಲ್ಲದ ದಾರಿ. ಲ್ವಾರ್ ನದಿಯ ಗುಂಟ ಸಮುದ್ರದವರೆಗೆ ಸಾಗುವ ಸುಮಾರು ಒಂಬೈನೂರು ಕಿಲೋಮೀಟರಿನ ಸೈಕಲ್ ಹಾದಿಯೂ ಈ ಅವಧಿಯಲ್ಲಿಯೇ ರೂಪುಗೊಂಡಿತು.

ಈ ದಾರಿಗಳು ಮೊಣಕಾಲಿಗೆ ಹಿತವಾಗಿರುವುದಕ್ಕೂ ಕಾರಣವಿದೆ. ಕುದುರೆ ಏರಿನಲ್ಲಿ ದೋಣಿ ಎಳೆಯಲಾರದು. ಉಗಿಯಂತ್ರ ಕಡಿದಾದ ಏರನ್ನು ಹತ್ತಲಾರದು. ಅವುಗಳ ದೌರ್ಬಲ್ಯವನ್ನು ಮನ್ನಿಸಿ ಎಂಜಿನಿಯರುಗಳು ನೆಲವನ್ನು ಸಮಮಾಡಿಟ್ಟರು. ಮುದುಕರು, ಮಕ್ಕಳು, ಕಾಲು ಸೋತವರು ಇಂದು ಆ ಮನ್ನಣೆಯ ಹಕ್ಕುದಾರರು.

ಇಷ್ಟಕ್ಕೆ ನಿಲ್ಲಿಸಿದರೆ ಇದು ಸುಖಾಂತವಾಗುತ್ತದೆ, ಆದರೆ ಅರ್ಧಸತ್ಯವಾಗುತ್ತದೆ. ಹಳಿ ತೆಗೆದ ಇನ್ನೊಂದು ಹಾದಿಯಲ್ಲಿ, ಮುಚ್ಚಿದ ನಿಲ್ದಾಣವೊಂದರ ಜಗಲಿಯ ಮೇಲೆ ನಾವು ವಿಶ್ರಮಿಸುತ್ತಿದ್ದಾಗ, ಎದುರು ಮನೆಯ ವೃದ್ಧೆಯೊಬ್ಬರು ಕುಡಿಯಲು ನೀರು ತಂದುಕೊಟ್ಟರು. ಮಗಳ ಮೂಲಕ ನಾನು ಆ ದಾರಿಯ ಸೊಬಗನ್ನು ಹೊಗಳಿದೆ. ಆಕೆ ಒಪ್ಪಿದರು. ಆಮೇಲೆ, ‘ನಾನು ಹುಡುಗಿಯಾಗಿದ್ದಾಗ ಇಲ್ಲಿಂದ ರೈಲು ಹತ್ತಿ ಸಂತೆಗೆ ಹೋಗುತ್ತಿದ್ದೆವು. ಈಗ ನನಗೆ ಕಾರು ಓಡಿಸಲು ಕಣ್ಣಿಲ್ಲ, ಸೈಕಲ್ ತುಳಿಯಲು ಕಾಲಿಲ್ಲ. ದಾರಿ ನಿಮಗೆ ಬಂತು, ನನಗೆ ಹೋಯಿತು’ ಎಂದರು. ಮಾತಿನಲ್ಲಿ ಕಹಿಯಿರಲಿಲ್ಲ; ಲೆಕ್ಕ ಒಪ್ಪಿಸುವ ದನಿಯಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ಪ್ರವಾಸಿಗೆ ಪ್ರಶಾಂತವಾಗಿ ಕಾಣುವುದು ಎಷ್ಟೋ ವೇಳೆ ಊರಿನವರಿಗೆ ಬರಿದಾದದ್ದು. ಆ ಶಾಂತಿಯಲ್ಲಿ ನಿಂತುಹೋದ ಕಸುಬುಗಳಿವೆ, ಊರು ಬಿಟ್ಟ ಮಕ್ಕಳಿದ್ದಾರೆ.

ಇನ್ನೂ ಕಠಿಣವಾದ ಲೆಕ್ಕಗಳಿವೆ. ಬ್ರಿಟನಿ ಸೀಮೆಯಲ್ಲಿ ನಾಂತ್ ಮತ್ತು ಬ್ರೆಸ್ತ್ ನಗರಗಳ ನಡುವೆ, ಇಂಗ್ಲಿಷ್ ನೌಕಾಪಡೆಯ ಕಣ್ಣು ತಪ್ಪಿಸಿ ಸರಕು ಸಾಗಿಸಲೆಂದು ನೆಪೋಲಿಯನ್ ಆಜ್ಞಾಪಿಸಿದ 364 ಕಿಲೋಮೀಟರಿನ ಕಾಲುವೆಯಿದೆ. ಇಂದು ಅದರ ದಂಡೆ ಸೈಕಲ್ ಯಾತ್ರಿಕರಿಗೆ ಪ್ರಿಯವಾದ ಹಾದಿ. ಗ್ಲೊಮೆಲ್ ಎಂಬಲ್ಲಿ ದಾರಿ ತಂಪಾದ ಆಳವಾದ ಕಣಿವೆಯೊಂದರೊಳಗೆ ಸಾಗುತ್ತದೆ. ಅದು ಕಣಿವೆಯಲ್ಲ, ಮನುಷ್ಯರು ತೋಡಿದ ಕಂದಕ. 1823ರಿಂದ 1832ರವರೆಗೆ ಬ್ರೆಸ್ತಿನ ಸೆರೆಮನೆಯ ಕೈದಿಗಳನ್ನು ತಂದು, ಶಿಬಿರದಲ್ಲಿ ಕೂಡಿಹಾಕಿ, ಅದನ್ನು ಅಗೆಸಿದರು. ದಕ್ಷಿಣದಲ್ಲಿ, ಪಿಯೇರ್ ಪೋಲ್ ರಿಕೆ ತನ್ನ ಆಸ್ತಿಯನ್ನೆಲ್ಲ ಸುರಿದು ಕಟ್ಟಿಸಿದ 240 ಕಿಲೋಮೀಟರಿನ ಮಿದಿ ಕಾಲುವೆಯಿದೆ; 1681ರಲ್ಲಿ ಅದು ತೆರೆಯಿತು, ಅದನ್ನು ಕಾಣದೆ ರಿಕೆ ಹಿಂದಿನ ವರ್ಷವೇ ತೀರಿಕೊಂಡಿದ್ದ. ಆ ದಂಡೆಯಲ್ಲಿ ನಲವತ್ತೆರಡು ಸಾವಿರ ಪ್ಲೇನ್ ಮರಗಳು ನೀರಿನ ಮೇಲೆ ಚಪ್ಪರ ಹಾಕಿ ನಿಂತಿದ್ದವು. 2006ರಲ್ಲಿ ಅವುಗಳಲ್ಲಿ ಮದ್ದಿಲ್ಲದ ಬೂಷ್ಟುರೋಗವೊಂದು ಕಾಣಿಸಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳಲ್ಲಿ ಅದು ಫ್ರಾನ್ಸಿಗೆ ಬಂತೆಂದು ಸಾಮಾನ್ಯವಾಗಿ ನಂಬಲಾಗಿದೆ. ಅರ್ಧಕ್ಕೂ ಹೆಚ್ಚು ಮರಗಳನ್ನು ಕಡಿದು ಸುಡಬೇಕಾಯಿತು. ಈಗ ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಅವುಗಳ ನೆರಳಿನಲ್ಲಿ ಹೋಗುವವರು ನಾವಲ್ಲ, ನಮ್ಮ ಮೊಮ್ಮಕ್ಕಳು.

ಹೀಗೆ ಒಂದು ಸುಖದ ದಾರಿಯನ್ನು ಅಗೆಯುತ್ತ ಹೋದರೆ ಕೆಳಗೆ ಸೌದೆಯವನ ದುಡಿಮೆ, ಹಗ್ಗ ಎಳೆದ ಹೆಂಗಸಿನ ಬೆವರು, ಕೈದಿಯ ಗುದ್ದಲಿ, ಕೂಲಿಕಾರನ ಎರಡು ವಾರದ ರಜೆ, ಹಳ್ಳಿಯವರು ಕಳೆದುಕೊಂಡ ರೈಲು ಪದರ ಪದರವಾಗಿ ಸಿಗುತ್ತವೆ. ಹಾಗೆಂದು ಆ ಸುಖವನ್ನು ಅಪರಾಧವೆಂದು ತಿಳಿಯಬೇಕಾಗಿಲ್ಲ. ಇನ್ನೊಬ್ಬರ ಶ್ರಮದ ಫಲವನ್ನು ಉಣ್ಣುವುದೇ ನಾಗರಿಕತೆ; ಉಣ್ಣುವಾಗ ಅದು ಯಾರ ಶ್ರಮವೆಂದು ನೆನೆಯುವುದು ಸಂಸ್ಕೃತಿ. ಅದಲ್ಲದೆ ಆ ವೃದ್ಧೆಯ ಲೆಕ್ಕದಲ್ಲಿ ಒಂದು ಸಾಲನ್ನು ಸೇರಿಸಬಹುದೆಂದು ತೋರುತ್ತದೆ. ಮುಚ್ಚಿದ ಎಷ್ಟೋ ಹಾದಿಗಳು ತುಂಡುತುಂಡಾಗಿ ಮಾರಾಟವಾಗಿ, ಯಾರದೋ ಹಿತ್ತಿಲಾಗಿ, ಯಾವುದೋ ಗೋದಾಮಾಗಿ ಕಾಣದೆ ಹೋದವು. ಸಾರ್ವಜನಿಕರ ಸ್ವತ್ತಾಗಿ ಉಳಿದ ಹಾದಿ, ಅದರ ಮೇಲೆ ಇಂದು ಸೈಕಲ್ಲೇ ಓಡಲಿ, ಎಲ್ಲರದಾಗಿಯೇ ಉಳಿಯಿತು. ಎಲ್ಲರದಾದದ್ದನ್ನು ನಾಳಿನವರು ನಾಳಿನ ಅಗತ್ಯಕ್ಕೆ ತಿರುಗಿಸಿಕೊಳ್ಳಬಹುದು. ಮಾರಿಹೋದದ್ದನ್ನು ಮರಳಿ ಪಡೆಯುವುದು ಕಷ್ಟ.

ಕೊಲ್ಬೇರನಿಗೆ ಸೈಕಲ್ಲು ಗೊತ್ತಿರಲಿಲ್ಲ. ಹಳ್ಳಿಯ ಮೌನದ ಮೇಲೆ ಅವನಿಗೆ ವಿಶೇಷ ಪ್ರೀತಿಯಿತ್ತೆಂದೂ ನಾನು ಭಾವಿಸಲಾರೆ. ರಾಜ್ಯದ ಸರಕು ಸಾಗಬೇಕೆಂಬಷ್ಟೇ ಅವನ ಚಿಂತೆ. ಆದರೂ ನೀರಿನ ಪಕ್ಕದ ಇಪ್ಪತ್ತನಾಲ್ಕು ಅಡಿ ನೆಲ ಯಾರೊಬ್ಬರ ಬೇಲಿಯೊಳಗೂ ಸೇರಕೂಡದೆಂದು ಅವನು ಬರೆಯಿಸಿದ ಸಾಲು ಮೂರೂವರೆ ಶತಮಾನ ಬಾಳಿತು. ಆ ನೆಲದ ಮೇಲೆ ಕುದುರೆ ನಡೆಯಿತು, ಕತ್ತೆ ನಡೆಯಿತು, ಹಗ್ಗ ಹೊತ್ತ ತಾಯಿ ನಡೆದಳು. ಬಳಿಕ ಬಹುಕಾಲ ಯಾರೂ ನಡೆಯಲಿಲ್ಲ. ಆಮೇಲೆ ಸೈಕಲ್ಲು ಬಂತು. ಮುಂದೆ ಏನು ಬರುವುದೋ ಹೇಳಬಲ್ಲವರಿಲ್ಲ. ಅದು ಬಂದಾಗ ಹೋಗಲು ದಾರಿಯೊಂದಿರಬೇಕು. ಅದನ್ನು ತೆರವಾಗಿ ಬಿಟ್ಟಿರುವುದು ಇಂದಿನವರ ಕೆಲಸ.